ನೋಡೋಣ ಮೇಷ್ಟ್ರ ಉದಾಹರಣೆ ವಾಕ್ಯ

ಮೇಷ್ಟ್ರಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲವಾದ್ದರಿಂದ ನಾವೂ ಅದರ ಗೋಜಿಗೆ ಹೋಗುವುದು ಬೇಡ. ಬೀದಿಯವರ ಬಾಯಲ್ಲಿ ಅವರು ನೋಡೋಣ ಮೇಷ್ಟ್ರು. ಕಾಫಿ ಬೇಕಾ, ಟೀ ಬೇಕಾ ಎಂದು ಕೇಳಿದರೆ ನೋಡೋಣ ಎನ್ನುವರು. ಮಳೆ ಬರ್ತಿದೆ, ಒಳಗೆ ಬನ್ನಿ ಎಂದು ಕರೆದರೆ ನೋಡೋಣ ಎಂದು ಅಲ್ಲೇ ನಿಂತು ನೆನೆಯುವರು. ಒಮ್ಮೆ ಕ್ಷೌರದವನು ಕತ್ತರಿ ಹಿಡಿದು ಮೀಸೆ ಇರಲಾ, ತೆಗೀಲಾ ಎಂದು ಕೇಳಿದಾಗ ಇವರು ಕನ್ನಡಿ ನೋಡುತ್ತಾ ಎಷ್ಟು ಹೊತ್ತು ಕೂತರೆಂದರೆ, ಅವನು ನಡುವೆ ಇನ್ನೊಬ್ಬರ ತಲೆ ಮುಗಿಸಿ ಬಂದನಂತೆ. ಅವರಿಗೆ ಮದುವೆಯಾದದ್ದೂ ಹೆಂಡತಿಯ ಕೃಪೆಯಿಂದಲೇ. "ಇವರು ಹೂಂ ಅನ್ನೋದನ್ನ ಕಾಯ್ತಾ ಕೂತರೆ ನನ್ನ ತಲೆ ನರೆಯುತ್ತೆ" ಎಂದು ಆಕೆಯೇ ದಿನ ಗೊತ್ತು ಮಾಡಿ, ಇವರಿಗೆ ಬಟ್ಟೆ ಹೊಲಿಸಿ, ಕೈ ಹಿಡಿದು ಕರೆತಂದು ನಿಲ್ಲಿಸಿದ್ದಳು.

ಹಾಗೆಂದು ಮೇಷ್ಟ್ರು ಸೋಮಾರಿಯಲ್ಲ, ಕೆಟ್ಟವರಂತೂ ಮೊದಲೇ ಅಲ್ಲ. ಅವರಿಗಿದ್ದದ್ದು ಎರಡೂ ಕಡೆ ನ್ಯಾಯ ಕಾಣುವ ಕಾಯಿಲೆ. ಇಂಥ ಕಾಯಿಲೆಯವರು ನ್ಯಾಯಾಧೀಶರಾಗಿದ್ದರೆ ಒಬ್ಬ ಕಳ್ಳನಿಗೂ ಶಿಕ್ಷೆಯಾಗುತ್ತಿರಲಿಲ್ಲ, ಒಬ್ಬ ಸಜ್ಜನನಿಗೂ ಬಿಡುಗಡೆ ಸಿಗುತ್ತಿರಲಿಲ್ಲ. ಪುಣ್ಯಕ್ಕೆ ಅವರು ಇಂಗ್ಲಿಷ್ ಮೇಷ್ಟ್ರಾದರು.

ಪಾಠ ನಡೆಯುತ್ತಿದ್ದುದು ಒಂದು ಡ್ರೈವಿಂಗ್ ಸ್ಕೂಲಿನ ಮಹಡಿಯ ಮೇಲೆ. ಕೆಳಗೆ ಗಾಡಿ, ಮೇಲೆ ಇಂಗ್ಲಿಷ್, ಎರಡಕ್ಕೂ ಒಬ್ಬರೇ ಯಜಮಾನರು. ತರಗತಿಯ ಗೋಡೆಯ ತುಂಬ 'ನಿಲ್ಲಿ', 'ಹಾರನ್ ಮಾಡಬೇಡಿ' ಎನ್ನುವ ರಸ್ತೆ ಫಲಕಗಳು. ನೆಲದಿಂದ ಮೇಲಕ್ಕೆ ಸದಾ ಎಂಜಿನ್ ಆಯಿಲ್ ವಾಸನೆ. ಯಜಮಾನರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಅದನ್ನು ಹೇಗೆ ಕಲಿಸಬೇಕೆಂದು ಚೆನ್ನಾಗಿ ಗೊತ್ತಿತ್ತು. ಕೆಳಗೆ ಗಾಡಿ ಕಲಿಯುವವರು ತಾವು ಮಾಡುವುದನ್ನೆಲ್ಲ ಬಾಯಿಬಿಟ್ಟು ಕೂಗಬೇಕಿತ್ತು. "ಕ್ಲಚ್ ಒತ್ತುತಾ ಇದೀನಿ, ಗೇರ್ ಹಾಕ್ತಾ ಇದೀನಿ, ಕನ್ನಡಿ ನೋಡ್ತಾ ಇದೀನಿ." ಕೂಗದೆ ಗೇರ್ ಹಾಕಿದವನಿಗೂ ಕೂಗಿ ಗೇರ್ ಹಾಕದವನಿಗೂ ಒಂದೇ ಬೈಗುಳ. ಯಜಮಾನರು ಇದೇ ಕಟ್ಟಳೆಯನ್ನು ಮೆಟ್ಟಿಲು ಹತ್ತಿಸಿ ಮೇಲಕ್ಕೂ ತಂದಿದ್ದರು.

"ಬಾಯಲ್ಲಿ ಬಂದದ್ದು ಕೈಯಲ್ಲಿ ಬರದಿದ್ರೆ ಅದು ಕಲಿತ ಹಾಗಲ್ಲ ಮೇಷ್ಟ್ರೇ. ನಮ್ಮ ಸ್ಕೂಲಲ್ಲಿ ಹೇಳಿದ್ದು ಮಾಡಬೇಕು, ಮಾಡಿದ್ದು ಹೇಳಬೇಕು. ಅಷ್ಟೇ."

ಹೀಗಾಗಿ ಮಹಡಿಯ ಮೇಲೆ ಇಂಗ್ಲಿಷಿನಲ್ಲಿ ಕಿಟಕಿ ತೆಗೆಯುತ್ತೇನೆ ಎಂದವರು ಎದ್ದು ಕಿಟಕಿ ತೆಗೆಯುತ್ತಿದ್ದರು. ನೀರು ಕುಡಿಯುತ್ತೇನೆ ಎಂದವರು ಕುಡಿಯುತ್ತಿದ್ದರು. ಕಲಿಯುವವರಿಗೆ ಇದು ಹಿಡಿಸಿತ್ತು. ಅವರೆಲ್ಲ ದುಡಿಯುವ ಜನ. ಬರೀ ಮಾತಿನ ಪಾಠಕ್ಕಿಂತ ಏನಾದರೂ ಕೆಲಸ ಆಗುವ ಪಾಠದಲ್ಲಿ ಅವರಿಗೆ ನಂಬಿಕೆ ಹೆಚ್ಚು.

ಡ್ರೈವಿಂಗ್ ಸ್ಕೂಲಿನಲ್ಲಿ ದೊಡ್ಡ ಗಾಡಿ ಕಲಿಸಲೆಂದು ಹಳೆಯ ಲಾರಿಯೊಂದಿತ್ತು. ಅದರಲ್ಲಿ ಕಲಿಯುವವನ ಕಾಲಿಗೊಂದು ಬ್ರೇಕು, ಪಕ್ಕದಲ್ಲಿ ಕೂರುವ ಕಲಿಸುವವನ ಕಾಲಿಗೊಂದು ಬ್ರೇಕು. ಒಮ್ಮೆ ಯಜಮಾನರು ಪ್ರೀತಿಯಿಂದ ಮೇಷ್ಟ್ರಿಗೂ ಸ್ಟೀರಿಂಗ್ ಕೊಟ್ಟರು. ಬೀದಿ ಮುಗಿದು ರಸ್ತೆ ಎರಡಾಗುವಲ್ಲಿ ಎಡಕ್ಕೋ ಬಲಕ್ಕೋ ತಿಳಿಯದೆ ಮೇಷ್ಟ್ರು ಬ್ರೇಕ್ ಒತ್ತಿ ಕೂತವರು ಕೂತೇ ಬಿಟ್ಟರು. ಹಿಂದೆ ಸಾಲುಗಟ್ಟಿದ ಗಾಡಿಗಳು ಊರಿಗೆ ಕೇಳುವಂತೆ ಹಾರನ್ ಮಾಡಿದವು. ಯಜಮಾನರು ಕೆಳಗಿಳಿದು, ಈ ಕಡೆ ಬಂದು, ಇವರನ್ನು ಮೆಲ್ಲಗೆ ಇಳಿಸಿದರು.

"ನಿಮಗೆ ಸ್ಟೀರಿಂಗ್ ಬೇಡ ಮೇಷ್ಟ್ರೇ. ನಿಮ್ಮ ಕಾಲಿಗೆ ಗೊತ್ತಿರೋದು ಬ್ರೇಕ್ ಒಂದೇ."

ಇನ್ನು ಮನೆಯ ವಿಚಾರ. ಮೇಷ್ಟ್ರ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಸೂಜಿ ಚುಚ್ಚಿದ್ದು ಗೊತ್ತೇ ಆಗದ ಹಾಗೆ ರಕ್ತ ತೆಗೆಯುವ ಕೈ ಅವಳದು. ಲ್ಯಾಬಿನ ಡಾಕ್ಟರು ಬಂದರಿನ ಊರಿನಲ್ಲಿ ಹೊಸದೊಂದು ಲ್ಯಾಬ್ ತೆರೆಯುವವರಿದ್ದರು. ಅದರ ಪೂರ್ತಿ ಉಸ್ತುವಾರಿ ನೀನೇ ನೋಡಿಕೊಳ್ಳಮ್ಮಾ ಎಂದು ಅವಳನ್ನು ಕರೆದಿದ್ದರು. ಅವಳಿಗೆ ಆ ಕೆಲಸ ಬೇಕಿತ್ತು. ತುಂಬಾ ಬೇಕಿತ್ತು. ಹೊಸ ಲ್ಯಾಬಿನ ಕುರ್ಚಿ ಯಾವ ಕಡೆಗೆ ಮುಖ ಮಾಡಿರಬೇಕು, ಹೆದರಿದ ಮಕ್ಕಳನ್ನು ಎಲ್ಲಿ ಕೂರಿಸಬೇಕು ಎಂದೆಲ್ಲ ಪಾತ್ರೆ ತೊಳೆಯುವಾಗ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. ಆದರೆ ಮೇಷ್ಟ್ರನ್ನು ಎದುರಿಗೆ ಕೂರಿಸಿಕೊಂಡು ಅವಳು ಹೇಳಿದ ಮಾತು ಬೇರೆ.

"ನೋಡಿ, ಮದುವೆಯಿಂದ ಹಿಡಿದು ಬಾಗಿಲಿನ ಬಣ್ಣದ ತನಕ ಎಲ್ಲಾ ನಾನೇ ಹೇಳಿದೀನಿ. ಇದೊಂದು ನಿಮ್ಮ ಬಾಯಿಂದ ಬರಲಿ. ನೀವು 'ನಾನೂ ಬರ್ತೀನಿ' ಅಂದ್ರೆ ಹೋಗೋಣ. ಬರಲ್ಲ ಅಂದ್ರೆ ಡಾಕ್ಟರಿಗೆ ಬೇಡ ಅಂತೀನಿ, ನಿಮ್ಮನ್ನ ಒಂದು ಮಾತೂ ಆಡಲ್ಲ. ಆದ್ರೆ ಶುಕ್ರವಾರ ಮಧ್ಯಾಹ್ನದೊಳಗೆ ನನಗೆ ಹೇಳಬೇಕು."

"ನೋಡೋಣ" ಎಂದರು ಮೇಷ್ಟ್ರು.

ಅದಾದ ಮೇಲೆ ದಿನಗಳು ಉರುಳಿ, ಆ ಶುಕ್ರವಾರವೇ ಹತ್ತಿರ ಬಂತು. ಬುಧವಾರ ಸಂಜೆ ತರಗತಿಯ ಪುಸ್ತಕದ ಹಾಳೆ ತಿರುಗಿಸಿದರೆ, ವಿಧಿ ಮೇಷ್ಟ್ರ ಜುಟ್ಟು ಹಿಡಿದಿತ್ತು. ಅಂದಿನ ಪಾಠ: ನಿರ್ಧಾರಗಳ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವುದು.

ಅದರಲ್ಲಿ ಮೂರು ಬಗೆಯ ವಾಕ್ಯಗಳಿದ್ದವು. ನಾನು ಯೋಚಿಸುತ್ತಿದ್ದೇನೆ, ನಾನು ಇನ್ನೂ ನಿರ್ಧರಿಸಿಲ್ಲ, ನಾನು ನಿರ್ಧರಿಸಿದ್ದೇನೆ. ಮೊದಲೆರಡನ್ನು ಮೇಷ್ಟ್ರು ಎಷ್ಟು ಮನಮುಟ್ಟುವಂತೆ ಕಲಿಸಿದರೆಂದರೆ ಅಂಥ ಪಾಠ ಆ ಮಹಡಿಯ ಮೇಲೆ ಹಿಂದೆ ಆಗಿರಲಿಲ್ಲ. ಮೂರನೆಯದಕ್ಕೆ ಬಂದಾಗ, 'ಐ ಹ್ಯಾವ್ ಡಿಸೈಡೆಡ್ ಟು' ಎಂದು ಬೋರ್ಡಿನ ಮೇಲೆ ಬರೆದ ಸೀಮೆಸುಣ್ಣ ಅಲ್ಲಿಗೇ ನಿಂತಿತು. ಉದಾಹರಣೆಯನ್ನು ನೀವೇ ಕೊಡಿ ಎಂದು ಮೇಷ್ಟ್ರು ಕಲಿಯುವವರ ಕಡೆ ತಿರುಗಿದರು.

ಮುಂದಿನ ಬೆಂಚಿನಲ್ಲಿದ್ದವನು ಟೈಲರ್. ಸಂಜೆ ಮೇಲೆ ಇಂಗ್ಲಿಷ್, ಬೆಳಿಗ್ಗೆ ಕೆಳಗೆ ಲಾರಿ, ಎರಡನ್ನೂ ಒಟ್ಟಿಗೆ ಕಲಿಯುತ್ತಿದ್ದ ಉತ್ಸಾಹಿ. ಅವನು ಎದ್ದು ನಿಂತು, ತಾನು ಇನ್ನು ಮುಂದೆ ಭಾವಮೈದುನನ ಬಟ್ಟೆ ಹೊಲಿಯುವುದಿಲ್ಲವೆಂದು ನಿರ್ಧರಿಸಿರುವುದಾಗಿ ಇಂಗ್ಲಿಷಿನಲ್ಲಿ ಸಾರಿದ. ಹೇಳಿದ ಮೇಲೆ ಮಾಡಬೇಕಲ್ಲ. ಮೆಟ್ಟಿಲಿಳಿದು ರಸ್ತೆ ದಾಟಿ ಭಾವಮೈದುನನ ಅಂಗಡಿಗೇ ಹೋದ. ಕಿಟಕಿಯಿಂದ ಗಟ್ಟಿ ದನಿಗಳು ಕೇಳಿಬಂದವು, ಒಂದು ಸ್ಟೂಲು ಬಿದ್ದ ಸದ್ದೂ ಬಂತು. ಸ್ವಲ್ಪ ಹೊತ್ತಿಗೆ ಅವನು ಹರಿದ ಕಾಲರ್ ಹಿಡಿದುಕೊಂಡು ಬಂದು, "ಐ ಹ್ಯಾವ್ ಟೋಲ್ಡ್ ಹಿಮ್" ಎಂದು ತೃಪ್ತಿಯಿಂದ ಕೂತ.

ಲಿಫ್ಟ್ ರಿಪೇರಿಯವನು ಮೀಸೆ ತೆಗೆಯಲು ನಿರ್ಧರಿಸಿದ್ದೇನೆ ಎಂದು ಹೇಳಿ ಕೆಳಗೆ ಹೋದವನು ಬೇರೆ ಯಾರೋ ಆಗಿ ಮರಳಿ ಬಂದ. ನರ್ಸಮ್ಮ ಎದ್ದು, ಇನ್ನು ಮೇಲೆ ಡ್ಯೂಟಿ ಇಲ್ಲದ ಹೊತ್ತಿನಲ್ಲಿ ಅತ್ತೆಯ ಫೋನ್ ತೆಗೆಯುವುದಿಲ್ಲವೆಂದು ನಿರ್ಧರಿಸಿದ್ದೇನೆ ಎಂದಳು. ಅವಳ ಬಾಯಿ ಮುಚ್ಚುವುದಕ್ಕೂ ಅತ್ತೆಯ ಫೋನ್ ಬರುವುದಕ್ಕೂ ಸರಿಹೋಯಿತು. ಬೆಂಚಿನ ಮೇಲೆ ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುವವರೆಗೂ ಇಡೀ ತರಗತಿ ಉಸಿರು ಬಿಗಿಹಿಡಿದು ನೋಡಿತು. ಸುಮ್ಮನಾದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ನರ್ಸಮ್ಮ ಕೇಳಬಾರದ್ದನ್ನು ಕೇಳಿದಳು. "ಸರ್, ನೀವು?"

ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ "ನೋಡೋಣ" ಎಂದರು. ಕಿಸಕ್ಕನೆ ನಗು ಹಬ್ಬಿತು.

ಎಂಥ ಸಾಧುವಿಗೂ ಬಾಲವೊಂದಿರುತ್ತದೆ, ತುಳಿದರೆ ತಿರುಗುತ್ತದೆ. ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡರು. ಬೇರೆಯವರ ಕೋಟು ತೊಟ್ಟವನು ತುಸು ಸೆಟೆದು ನಡೆಯುವ ಹಾಗೆ, ಕನ್ನಡದಲ್ಲಿ ಎಂದೂ ಬಾರದ ಧೈರ್ಯ ಅವರಿಗೆ ಇಂಗ್ಲಿಷಿನಲ್ಲಿ ಬಂದುಬಿಟ್ಟಿತು. ನಿರ್ಧಾರ ಎನ್ನುವುದು ಕಣ್ಣು ಮಿಟುಕಿಸುವುದರೊಳಗೆ ಆಗಬೇಕು, ತಾನಂತೂ ಯಾವಾಗಲೂ ಹಾಗೆಯೇ ಮಾಡುವುದು ಎಂದು ಪೀಠಿಕೆ ಹಾಕಿ, ಬೋರ್ಡಿನ ಅರ್ಧ ವಾಕ್ಯವನ್ನು ಪೂರ್ತಿ ಮಾಡಿದರು: ಈ ಊರು ಬಿಟ್ಟು, ಹೆಂಡತಿಯ ಜೊತೆ ಬಂದರಿನ ಊರಿಗೆ ಹೋಗಲು ನಿರ್ಧರಿಸಿದ್ದೇನೆ.

"ವೆನ್ ಸರ್?" ಎಂದು ಕೇಳಿದ ಟೈಲರ್.

ಮೇಷ್ಟ್ರ ತಲೆಯಲ್ಲಿ ಆ ವಾರವಿಡೀ ಇದ್ದದ್ದು ಒಂದೇ ದಿನ. "ಫ್ರೈಡೇ" ಎಂದರು.

ಇದು ಬರೀ ಉದಾಹರಣೆ ಎಂದು ಹೇಳಬೇಕೆಂದು ಅವರಿಗೆ ಆ ಕ್ಷಣವೇ ಅನ್ನಿಸಿತು. ಈಗಲೇ ಹೇಳುವುದೋ, ಪಾಠ ಮುಗಿದ ಮೇಲೆ ಹೇಳುವುದೋ? ಇಂಗ್ಲಿಷಿನಲ್ಲೋ, ಕನ್ನಡದಲ್ಲೋ? ಎರಡಕ್ಕೂ ಅದರದರದೇ ಅನುಕೂಲಗಳಿದ್ದವು. ಅವರು ಅದನ್ನು ತೂಗಿ ನೋಡುತ್ತಿರುವಾಗ ತರಗತಿ ಮುಗಿದು, ಬೆಂಚುಗಳು ಖಾಲಿಯಾಗಿ, ಮೀಸೆಯಿಲ್ಲದ ಲಿಫ್ಟಿನವನು ದೀಪ ಆರಿಸಿ ಹೋದ.

ಗುರುವಾರ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲೇ ಯಜಮಾನರು ಮೇಷ್ಟ್ರನ್ನು ಅಪ್ಪಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ಇಷ್ಟು ವರ್ಷದಲ್ಲಿ ನಮ್ಮ ಸ್ಕೂಲಿನ ಪದ್ಧತಿನ ಪೂರ್ತಿ ಅರ್ಥ ಮಾಡಿಕೊಂಡವರು ನೀವೊಬ್ಬರೇ ಮೇಷ್ಟ್ರೇ. ಕಿಟಕಿ ತೆಗೆಯೋದು ಯಾರಾದ್ರೂ ಮಾಡ್ತಾರೆ. ಊರನ್ನೇ ಬಿಡ್ತೀನಿ ಅಂತ ಹೇಳಿ ಬಿಡೋದು ಇದೆಯಲ್ಲ."

"ಅದು ಸಾರ್, ಒಂದು ರೀತಿಯಲ್ಲಿ ನೋಡಿದರೆ ಉದಾ..."

"ಉದಾರವಾಗಿ ಮಾತಾಡಬೇಡಿ ನೀವು. ನನ್ನ ಲಾರಿ ಕಳಿಸ್ತೀನಿ ಸಾಮಾನು ಸಾಗಿಸೋಕೆ. ಟೈಲರ್ ಓಡಿಸ್ತಾನೆ, ಅವನಿಗೂ ಅಭ್ಯಾಸ ಆಗುತ್ತೆ. ನಿಮ್ಮ ಕ್ಲಾಸಿಗೆ ನರ್ಸಮ್ಮನ ಹಾಕಿದೀನಿ, ಸೋಮವಾರದಿಂದ ಶುರು. ನಿಮಗೇನೂ ಯೋಚನೆ ಬೇಡ."

ಯೋಚನೆ ಬೇಡ ಎಂದರೆ ಮೇಷ್ಟ್ರಿಗೆ ಉಳಿಯುವುದಾದರೂ ಏನು. ಅವರು ಮೆಟ್ಟಿಲಿನ ಮೇಲೆ ಕೂತರು. ತಮ್ಮದೇ ಕೆಲಸ ಕಣ್ಣೆದುರಿಗೇ ಬೇರೆಯವರ ಪಾಲಾಗಿತ್ತು. ಅದೂ ಅಪ್ಪುಗೆಯ ಜೊತೆಗೆ.

ಮನೆಯ ಗೇಟಿನ ಬಳಿ ಮಾಲೀಕರು ಕಾಯುತ್ತಿದ್ದರು. ಮೇಷ್ಟ್ರ ಮನೆಯ ಕೆಳಗಿನ ಭಾಗದಲ್ಲೇ ವಾಸವಾಗಿದ್ದ ಅವರ ನಡುಮನೆಯಲ್ಲಿ ಕೆಲವು ತಿಂಗಳಿಂದ ತಂಗಿಯ ಮಗಳ ಸಂಸಾರ ಬಂದು ಹಾಸಿಗೆ ಹಾಸಿತ್ತು. ಅವರ ಮುಖದಲ್ಲಿ ಅಂದು ಮೊದಲ ಸಲ ನಗು ಕಂಡಿತು.

"ಲಿಫ್ಟಿನವನು ಹೇಳಿದ. ತುಂಬಾ ಸಂತೋಷ ಆಯ್ತು ಮೇಷ್ಟ್ರೇ, ನೀವು ಹೋಗ್ತಿರೋದಕ್ಕಲ್ಲ, ಒಳ್ಳೇ ಕಡೆ ಹೋಗ್ತಿರೋದಕ್ಕೆ. ಶುಕ್ರವಾರ ಸಂಜೆಗೆ ನಮ್ಮ ಹುಡುಗಿ ಮೇಲೆ ಬಂದುಬಿಡ್ತಾಳೆ. ಬಾಗಿಲಿನ ಬಣ್ಣ ಹಾಗೇ ಇರಲಿ, ಅವಳಿಗೆ ಇಷ್ಟ ಆಗಿದೆ."

"ಸ್ವಲ್ಪ ನೋಡೋಣ ಅಂತ..."

"ಆಗ್ಲೇ ನೋಡಿಕೊಂಡು ಬಂದಳು. ನೀವಿಬ್ರೂ ಹೊರಗೆ ಹೋಗಿದ್ರಿ, ನನ್ನ ಹತ್ರ ಇನ್ನೊಂದು ಕೀಲಿ ಇತ್ತಲ್ಲ."

ಮಾಲೀಕರಿಗೂ ನ್ಯಾಯವಿತ್ತು. ನಡುಮನೆಯಲ್ಲಿ ಮಲಗುವ ಆ ಸಂಸಾರಕ್ಕೂ ನ್ಯಾಯವಿತ್ತು. ಮೇಷ್ಟ್ರು ಎರಡನ್ನೂ ಕಂಡು, ತಮ್ಮದೊಂದು ಮೂರನೆಯದನ್ನು ಎಲ್ಲಿ ಸೇರಿಸುವುದೆಂದು ತಿಳಿಯದೆ ಮೆಟ್ಟಿಲು ಹತ್ತಿದರು.

ಸಂಜೆ ಹೆಂಡತಿಯ ಅಪ್ಪ ಬಂದರು. ಅವರ ಮನೆ ಅದೇ ಊರಿನಲ್ಲಿ, ಬೀದಿ ಮುಗಿದ ಮೇಲೆ ಎಡಕ್ಕೆ. ಅಳಿಯ ಒಂದು ನಿರ್ಧಾರ ತೆಗೆದುಕೊಂಡನೆಂಬ ಸುದ್ದಿ ಅವರಿಗೆ ಟೈಲರ್ ಅಂಗಡಿಯಲ್ಲಿ ಸಿಕ್ಕಿತ್ತು. ಕಣ್ಣಾರೆ ಕಾಣದೆ ನಂಬಬಾರದೆಂದು ಕನ್ನಡಕ ಒರೆಸಿಕೊಂಡೇ ಬಂದಿದ್ದರು.

"ಅಳಿಯಂದಿರೇ, ಹೌದಾ?"

ಮೇಷ್ಟ್ರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ಗಂಟಲು ಸರಿಮಾಡಿಕೊಂಡರು. ಮಾವ ಅದನ್ನು ಹೌದೆಂದೇ ತೆಗೆದುಕೊಂಡು, ಕುರ್ಚಿಯಲ್ಲಿ ಕೂತು, ಇವರನ್ನೇ ದಿಟ್ಟಿಸಿದರು.

"ನಿಮ್ಮನ್ನ ನಾನು ತಪ್ಪು ತಿಳ್ಕೊಂಡಿದ್ದೆ. ನಿಮ್ಮ ಅತ್ತೆ ಇರೋ ತನಕ ಅಂತಾನೇ ಇದ್ಲು, ಆ ಮನುಷ್ಯ ಒಂದು ದಿನ ಎದ್ದು ನಿಲ್ತಾನೆ ನೋಡ್ತಿರಿ ಅಂತ. ಅವಳಿಗೆ ಇದನ್ನ ನೋಡೋ ಭಾಗ್ಯ ಬರಲಿಲ್ಲ."

ಹೀಗೆ ಹೇಳಿ ಮುದುಕ ಕಣ್ಣೊರೆಸಿಕೊಂಡರೆ ಯಾವ ಬಾಯಿಂದ ಅದು ಉದಾಹರಣೆ ಎನ್ನುವುದು. ಲ್ಯಾಬಿನಿಂದ ಬಂದ ಮಗಳಿಗೆ ಬಾಗಿಲಲ್ಲೇ ಎಲ್ಲವನ್ನೂ ಹೇಳಿ, ಬೆನ್ನು ತಟ್ಟಿ, ಮಾವ ಹೊರಟುಹೋದರು. ಅವಳು ಕೈಚೀಲ ಹಿಡಿದುಕೊಂಡೇ ನಿಂತು ಮೇಷ್ಟ್ರನ್ನು ನೋಡಿದಳು. ಮುಖದಲ್ಲಿ ಏನೋ ಒಂದು ಹೊತ್ತಿಕೊಂಡಿತ್ತು.

ಊಟಕ್ಕೆ ಕೂತಾಗ ಅವಳೇ ಶುರುಮಾಡಿದಳು. "ಏನಾದ್ರೂ ಹೇಳೋದಿದೆಯಾ ನನಗೆ?"

ಮೇಷ್ಟ್ರ ತಟ್ಟೆಯಲ್ಲಿ ಕೈ ನಿಂತಿತು. ಹೇಳುವುದಿತ್ತು. ಆದರೆ ನಾನೂ ಬರ್ತೀನಿ ಎಂದರೆ ಅದು ಸುಳ್ಳು, ಏಕೆಂದರೆ ಇನ್ನೂ ನಿರ್ಧರಿಸಿರಲಿಲ್ಲ. ಬರಲ್ಲ ಎಂದರೆ ಅದೂ ಸುಳ್ಳು, ಏಕೆಂದರೆ ಅದನ್ನೂ ನಿರ್ಧರಿಸಿರಲಿಲ್ಲ. ಹೆಂಡತಿಗೆ ಸುಳ್ಳು ಹೇಳಬಾರದು ಎನ್ನುವ ವಿಷಯದಲ್ಲಿ ಮಾತ್ರ ಅವರು ದೃಢವಾಗಿದ್ದರು.

"ಉಪ್ಪು ಸ್ವಲ್ಪ..." ಎಂದರು.

"ಸ್ವಲ್ಪ ಏನು? ಕಮ್ಮಿನಾ, ಜಾಸ್ತಿನಾ?"

"ನೋಡೋಣ. ಇನ್ನೊಂದು ತುತ್ತು ತಿಂತೀನಿ."

ಅವಳು ಎದ್ದು ತಟ್ಟೆ ತೊಳೆಯಲು ಹೋದಳು. ಅಂದು ಪಾತ್ರೆ ತೊಳೆಯುವಾಗ ಅವಳು ಹೊಸ ಲ್ಯಾಬಿನ ಕುರ್ಚಿಯ ಬಗ್ಗೆ ಏನೂ ಮಾತಾಡಿಕೊಳ್ಳಲಿಲ್ಲ. ಮೇಷ್ಟ್ರಿಗೆ ಅದು ಕೇಳಿಸಿತು, ಅಂದರೆ ಕೇಳಿಸದೇ ಇದ್ದದ್ದು ಕೇಳಿಸಿತು.

ಶುಕ್ರವಾರ ಅವಳು ಎಂದಿನಂತೆ ಕೆಲಸಕ್ಕೆ ಹೋದಳು. ಮಧ್ಯಾಹ್ನ ಊಟದ ಹೊತ್ತು ದಾಟಿದ ಮೇಲೆ, ಹಿಂದೆ ಮುಂದೆ ದೊಡ್ಡ ಕೆಂಪು 'ಎಲ್' ಬರೆದಿದ್ದ ಲಾರಿ ಬೀದಿಯಲ್ಲಿ ಮೆಲ್ಲಗೆ, ಕೂಗುತ್ತಾ ಬಂತು. ಕೂಗುತ್ತಿದ್ದವನು ಟೈಲರ್. "ಐ ಆಮ್ ಟರ್ನಿಂಗ್. ಐ ಆಮ್ ಸ್ಟಾಪಿಂಗ್." ನಿಂತದ್ದು ಮಾತ್ರ ಮಾಲೀಕರ ಹೂಕುಂಡಕ್ಕೆ ತಗುಲಿದ ಮೇಲೆ. ಮಾಲೀಕರು ಪರವಾಗಿಲ್ಲ ಎಂದರು. ಅಂದು ಅವರಿಗೆ ಏನಾದರೂ ಪರವಾಗಿಲ್ಲವೇ.

ಕಲಿಯುವವರು ಸಾಲಾಗಿ ಮೇಲೆ ಬಂದು, ಪದ್ಧತಿಯ ಪ್ರಕಾರ ಇಂಗ್ಲಿಷಿನಲ್ಲಿ ಹೇಳುತ್ತಾ ಹೇಳುತ್ತಾ ಮನೆ ಖಾಲಿ ಮಾಡತೊಡಗಿದರು. ನಾನು ಮಂಚ ಎತ್ತುತ್ತಿದ್ದೇನೆ. ನಾನು ಕನ್ನಡಿ ಇಳಿಸುತ್ತಿದ್ದೇನೆ. ನಾನು ಕನ್ನಡಿ ಒಡೆದಿದ್ದೇನೆ. ಮೇಷ್ಟ್ರು ಬಾಗಿಲಲ್ಲಿ ನಿಂತು ಅಭ್ಯಾಸಬಲದಿಂದ ಅವರ ತಪ್ಪುಗಳನ್ನು ತಿದ್ದಿದರು. ತಮ್ಮ ಮನೆ ಹೋಗುತ್ತಿದೆ ಎಂದು ಅರಿವಾದಾಗ ಒಲೆಯೂ ಲಾರಿ ಹತ್ತಿಯಾಗಿತ್ತು. ಹಿಂದೆಯೇ ಮಾಲೀಕರ ತಂಗಿಯ ಮಗಳು ತನ್ನ ಒಲೆ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು.

ಅಷ್ಟರಲ್ಲಿ ಬೀದಿಗೆ ಟ್ರಾಫಿಕ್ ಪೊಲೀಸಿನವರು ಬಂದರು. ತುಂಬಿದ ಲಾರಿಯನ್ನು ಸುತ್ತುಹಾಕಿ, ಮೇಲಿನ ಮಂಚವನ್ನೂ ಕೆಳಗಿನ 'ಎಲ್' ಅನ್ನೂ ಕಂಡು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಯಾರದ್ರೀ ಇದು? ಎಲ್ಲಿಗೆ ಹೋಗುತ್ತೆ?"

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. "ಅದನ್ನೇ ನೋಡೋಣ ಅಂತಿದ್ದೆ" ಎಂದರು ಮೇಷ್ಟ್ರು.

"ನೋಡೋಕೆ ಸರ್ಕಾರ ನನ್ನನ್ನ ಇಟ್ಟಿದೆ. ನೀವು ಹೇಳಿ. ನನ್ನ ಕೆಲಸದ ಹೊತ್ತು ಮುಗಿಯೋದರೊಳಗೆ ಇದು ಇಲ್ಲಿಂದ ಹೊರಡಬೇಕು. ಎಲ್ಲಿಗಾದ್ರೂ ಹೋಗಲಿ, ಇಲ್ಲಿ ಮಾತ್ರ ಇರಕೂಡದು."

ಮೇಷ್ಟ್ರು ಲಾರಿಯ ಮೇಲೆ ತಮ್ಮ ಸಂಸಾರವನ್ನು ಕಂಡರು. ಮಂಚದ ಕಾಲಿಗೆ ಸಿಕ್ಕಿಕೊಂಡ ಹೆಂಡತಿಯ ಹಳೆಯ ಬಿಳಿ ಕೋಟು ಗಾಳಿಗೆ ಅಲ್ಲಾಡುತ್ತಿತ್ತು. ಅವಳು ಲ್ಯಾಬಿಗೆ ಸೇರಿದ ಮೊದಲ ದಿನ ಅದನ್ನು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು, ಹೇಗಿದೆ ಎಂದು ಕೇಳಿದ್ದಳು. ಆಗ ತಾವು ಏನೆಂದಿರಬಹುದೆಂದು ಮೇಷ್ಟ್ರು ನೆನಪಿಸಿಕೊಳ್ಳಬೇಕಾಗಿಯೇ ಇರಲಿಲ್ಲ.

ಹೋಗಬೇಕು ಅನ್ನಿಸಿತು ಅವರಿಗೆ. ಅವಳ ಜೊತೆ, ಬಂದರಿನ ಊರಿಗೆ. ಈ ಅನ್ನಿಸಿಕೆಯ ಇನ್ನೊಂದು ಮಗ್ಗುಲನ್ನು ಅವರು ರೂಢಿಯಂತೆ ಹುಡುಕಿದರು. ಇರಲಿಲ್ಲ. ಜನ್ಮದಲ್ಲಿ ಮೊದಲ ಸಲ ಮೇಷ್ಟ್ರಿಗೆ ಒಂದೇ ಕಡೆ ನ್ಯಾಯ ಕಂಡಿತು. ಅವರು ಯಾರಿಗೂ ಹೇಳದೆ, ಇಂಗ್ಲಿಷಿನಲ್ಲೂ ಹೇಳದೆ, ಲ್ಯಾಬಿನ ಕಡೆಗೆ ಓಡಿದರು. ಬೀದಿಯವರು ಮೇಷ್ಟ್ರು ಓಡುವುದನ್ನು ಕಂಡಿದ್ದೂ ಅದೇ ಮೊದಲು. ಎಲ್ಲೋ ಬೆಂಕಿ ಬಿದ್ದಿರಬೇಕೆಂದು ಕೆಲವರು ಬಕೆಟ್ ಹಿಡಿದು ಹೊರಗೆ ಬಂದರು.

ಹೆಂಡತಿ ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಮೇಷ್ಟ್ರು ಏದುಸಿರು ಬಿಡುತ್ತಾ ಎದುರಿಗೆ ನಿಂತರು.

"ನಾನೂ ಬರ್ತೀನಿ. ಹೋಗೋಣ."

ಅವಳು ತಲೆಯೆತ್ತಿ ನೋಡಿದಳು. ಆ ಮಾತಿಗಾಗಿ ಅವಳು ಎಷ್ಟು ಕಾದಿದ್ದಳೆಂಬುದು ಆ ಒಂದು ನೋಟದಲ್ಲಿ ಮೇಷ್ಟ್ರಿಗೆ ಕಂಡಿತು.

"ಮಧ್ಯಾಹ್ನ ಬೇಡ ಅಂತ ಹೇಳಿಬಿಟ್ಟೆ" ಎಂದಳು.

"ಆದ್ರೆ, ಊರಿಗೆಲ್ಲ ಗೊತ್ತಿತ್ತಲ್ಲ..."

"ಊರಿಗೆಲ್ಲ ಗೊತ್ತಿತ್ತು. ನಿನ್ನೆ ಅಪ್ಪ ಹೇಳಿದಾಗ ನಾನೂ ಒಂದು ಗಳಿಗೆ ನಂಬಿದ್ದೆ. ಆಮೇಲೆ ಊಟಕ್ಕೆ ಕೂತ್ರಿ. ನೀವು ಟೈಲರಿಗೆ ಹೇಳಿದ್ರಿ, ಲಿಫ್ಟಿನವನಿಗೆ ಹೇಳಿದ್ರಿ, ನನಗೆ ಉಪ್ಪಿನ ವಿಷಯ ಹೇಳಿದ್ರಿ. ಅದೂ ಪೂರ್ತಿ ಹೇಳಲಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಇವತ್ತು ಮಧ್ಯಾಹ್ನದವರೆಗೂ ಬಾಗಿಲ ಕಡೆನೇ ನೋಡ್ತಾ ಕೂತಿದ್ದೆ ರೀ. ಡಾಕ್ಟರು ಎದುರಿಗೆ ಬಂದು ನಿಂತರು. ಇನ್ನೇನು ಹೇಳಲಿ?"

"ಈಗ ಹೋಗಿ ಹೇಳಿದ್ರೆ?"

"ಪಕ್ಕದ ಟೇಬಲ್ಲಿನವಳನ್ನ ಕೇಳಿದ್ರು. ಅವಳು ತಕ್ಷಣ ಹೂಂ ಅಂದಳು. ಅವಳ ಗಂಡನಿಗೆ ಫೋನ್ ಕೂಡಾ ಮಾಡಲಿಲ್ಲ."

ಇಬ್ಬರೂ ಮನೆಗೆ ನಡೆದರು. ಮನೆ ಎನ್ನುವುದು ರೂಢಿಯ ಮಾತು. ಅಲ್ಲಿಗೆ ಬಂದು ನೋಡಿದಾಗ ಹೆಂಡತಿ ಬಣ್ಣ ಆರಿಸಿದ ಬಾಗಿಲಿನೊಳಗಿಂದ ಬೇರೆಯವರ ಒಗ್ಗರಣೆಯ ವಾಸನೆ ಬರುತ್ತಿತ್ತು. ಲಾರಿಯನ್ನೂ ಅದರ ಮೇಲಿನ ಮಂಚವನ್ನೂ ಅವಳು ಒಂದೊಂದಾಗಿ ನೋಡಿದಳು. ಕಲಿಯುವವರು ಕೈಕಟ್ಟಿ ನಿಂತಿದ್ದರು. ಮೇಷ್ಟ್ರು ನಡೆದುದನ್ನೆಲ್ಲ ಹೇಳಿದರು. ಉದಾಹರಣೆಯನ್ನು ಹೇಳಿದರು, ಶುಕ್ರವಾರವನ್ನು ಹೇಳಿದರು, ಕೆಲಸ ಹೋದದ್ದನ್ನೂ ಹೇಳಿದರು. ಈ ಸಲ ಒಂದನ್ನೂ ಅರ್ಧಕ್ಕೆ ಬಿಡಲಿಲ್ಲ. ಅವಳು ಕೇಳಿಸಿಕೊಂಡು, ಲಾರಿಯ ಮುಂದಿನ ಸೀಟಿಗೆ ಹತ್ತಿ ನಡುವೆ ಕೂತಳು. ಸ್ಟೀರಿಂಗಿನ ಮುಂದೆ ಟೈಲರ್ ಆಗಲೇ ಕೂತಿದ್ದ. ಉಳಿದದ್ದು ಆಚೆ ಬದಿಯ, ಕಲಿಸುವವರ ಜಾಗ. ಮೇಷ್ಟ್ರು ಅಲ್ಲಿ ಕೂತರು.

"ಐ ಆಮ್ ಸ್ಟಾರ್ಟಿಂಗ್" ಎಂದ ಟೈಲರ್. ಲಾರಿ ನಡುಗುತ್ತಾ ಹೊರಟಿತು. ನರ್ಸಮ್ಮ ಕಣ್ಣೊರೆಸಿಕೊಂಡು ಕೈಬೀಸಿದಳು. ಅವಳ ಇನ್ನೊಂದು ಕೈಯಲ್ಲಿ ಅತ್ತೆಯ ಫೋನ್ ಬಡಿದುಕೊಳ್ಳುತ್ತಲೇ ಇತ್ತು.

ಬೀದಿ ಮುಗಿದು ರಸ್ತೆ ಎರಡಾಯಿತು. ಎಡಕ್ಕೆ ಹೋದರೆ ಮಾವನ ಮನೆ. ಅಲ್ಲಿ ಒಂದು ಕೋಣೆ ಸಿಗುತ್ತದೆ, ಹೆಂಡತಿಯ ಹಳೆಯ ಕೆಲಸ ಉಳಿಯುತ್ತದೆ, ಕಣ್ಣೊರೆಸಿಕೊಂಡ ಮುದುಕನ ಎದುರಿಗೆ ದಿನವೂ ಊಟಕ್ಕೆ ಕೂರಬೇಕಾಗುತ್ತದೆ. ಬಲಕ್ಕೆ ಹೋದರೆ ಬಂದರಿನ ಊರು.

"ಅಲ್ಲಿ ಏನಿದೆ ನಮಗೆ?" ಎಂದು ಮೇಷ್ಟ್ರು ಕೇಳಿದರು.

"ಏನೂ ಇಲ್ಲ. ಹೊಸ ಲ್ಯಾಬಿಗೆ ಕೈಕೆಳಗೆ ಯಾರಾದ್ರೂ ಒಬ್ಬರು ಬೇಕಾದ್ರೂ ಬೇಕಾಗಬಹುದು ಅಂದ್ರು ಡಾಕ್ಟರು. ಬೇಕಾಗದೇನೂ ಇರಬಹುದು."

"ನಿನಗೆ ಎಲ್ಲಿಗೆ ಹೋಗಬೇಕು ಅಂತಿದೆ?"

"ಅದನ್ನ ನಾನು ಹೇಳಲ್ಲ. ಇದೊಂದು ನಿಮ್ಮ ಬಾಯಿಂದ ಬರಲಿ ಅಂದಿದ್ದೆ. ಈಗಲೂ ಅದೇ ಅಂತೀನಿ. ಎಡಕ್ಕೆ ಅಂದ್ರೆ ಎಡಕ್ಕೆ ಬರ್ತೀನಿ, ಬಲಕ್ಕೆ ಅಂದ್ರೆ ಬಲಕ್ಕೆ."

"ಸರ್, ಲೆಫ್ಟ್ ಆರ್ ರೈಟ್?" ಎಂದು ಕೇಳಿದ ಟೈಲರ್. ಮೇಷ್ಟ್ರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಲ್ಯಾಬಿಗೆ ಓಡುವಾಗ ಅಷ್ಟು ಸ್ಪಷ್ಟವಾಗಿದ್ದದ್ದಕ್ಕೆ ಈಗ ಮತ್ತೆ ಎರಡು ಮಗ್ಗುಲು ಬಂದುಬಿಟ್ಟಿದ್ದವು. ಹಿಂದಿನಿಂದ ಒಂದು ಹಾರನ್ ಕೇಳಿಸಿತು, ಆಮೇಲೆ ಇನ್ನೊಂದು, ಆಮೇಲೆ ಲೆಕ್ಕವಿಲ್ಲದಷ್ಟು. ದೂರದಿಂದ ಟ್ರಾಫಿಕ್ ಪೊಲೀಸಿನವರು ಸೀಟಿ ಊದುತ್ತಾ ಬರುತ್ತಿದ್ದರು.

ಕಡೆಗೂ ಮೇಷ್ಟ್ರು ಉಸಿರೆಳೆದುಕೊಂಡು, "ಬಲಕ್ಕೆ" ಎಂದರು. ಕನ್ನಡದಲ್ಲಿಯೇ ಹೇಳಿದರು.

ಟೈಲರ್ ಗೇರ್ ಹಾಕಿದ, ಸ್ಟೀರಿಂಗ್ ತಿರುಗಿಸಿದ, ಎಂಜಿನ್ ಅಬ್ಬರಿಸಿತು. ಲಾರಿ ಕದಲಲಿಲ್ಲ. ಮೇಲಿನ ಪಾತ್ರೆಗಳೆಲ್ಲ ಗಲಗಲ ಎಂದವು. ಅವನು ಮತ್ತೊಮ್ಮೆ ಒತ್ತಿ ನೋಡಿದ, ಬಗ್ಗಿ ಕೆಳಗೆ ನೋಡಿದ, ಆಮೇಲೆ ಸಂಕೋಚದಿಂದ ಹೇಳಿದ.

"ಮೇಷ್ಟ್ರೇ, ನಿಮ್ಮ ಕಾಲು ಬ್ರೇಕಿನ ಮೇಲಿದೆ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳು ಮುಂದಿನ ಗಾಜಿನಾಚೆ, ಎರಡಾದ ರಸ್ತೆಯನ್ನೇ ನೋಡುತ್ತಿದ್ದಳು.

"ನನ್ನ ಮುಖ ಯಾಕೆ ನೋಡ್ತೀರಿ" ಎಂದಳು. "ಕಾಲು ನಿಮ್ಮದು."